ಒರೆಸಬಾರದಿದ್ದ ಕೊಳೆ

ಸೊನ್ನೆ ನಂಬರಿನ ಕುಂಚದಿಂದ ನಾನು ಒರೆಸಿದ್ದು ಮೂರೇ ಸಲ. ನೊಣದ ಹೊಟ್ಟೆ ಫೋಟೋಗೆ ಸಿದ್ಧವಾಯಿತು.

ನಾನಿರುವುದು ಯುರೋಪಿನ ಒಂದು ಪ್ರಕೃತಿ ಇತಿಹಾಸ ಸಂಗ್ರಹಾಲಯದ ವಯಲ್ ವಿಭಾಗದಲ್ಲಿ, ಅಂದರೆ ಕೀಟಗಳನ್ನು ಆಲ್ಕೊಹಾಲಿನ ಪುಟ್ಟ ಗಾಜಿನ ಸೀಸೆಗಳಲ್ಲಿ ಕಾಪಿಡುವ ಕಡೆ. ಅವುಗಳ ಫೋಟೋ ತೆಗೆಯುವುದು ನನ್ನ ಕೆಲಸ. ಅಂದು ಪೆಟ್ರಿ ತಟ್ಟೆಯಲ್ಲಿದ್ದದ್ದು ಪೆನಿಸಿಲಿಡಿಯಾ ಕಾನ್‌ಸ್ಪಿಕುವಾ. ಗುಹೆಗಳಲ್ಲಿ ಗುಂಪುಗಟ್ಟಿ ನೇತಾಡುವ ಮಿನಿಯೋಪ್ಟೆರಸ್ ಬಾವಲಿಯ ರಕ್ತ ಕುಡಿಯುವ ನೊಣ. ರೆಕ್ಕೆಯಿಲ್ಲ, ಕಾಲುಗಳು ನೀಳ, ತಲೆಯನ್ನು ಹಿಂದಕ್ಕೆ ಮಡಚಿ ಬೆನ್ನಿಗೆ ಒರಗಿಸಿಕೊಂಡಿರುತ್ತದೆ. ದನದ ಕಿವಿಯಿಂದ ಉಣುಗು ಕಿತ್ತು ಬೆಳೆದ ನಾನೂ ಮೊದಲ ಸಲ ಇದನ್ನು ಜೇಡವೆಂದೇ ತಿಳಿದಿದ್ದೆ. ಇದು ಮೊಟ್ಟೆಯಿಡುವುದಿಲ್ಲ. ಒಂದೊಂದೇ ಮರಿಯನ್ನು ಒಡಲಲ್ಲಿಟ್ಟು ಹಾಲೂಡಿಸಿ, ಬಲಿತ ಮೇಲೆ ಗುಹೆಯ ಗೋಡೆಗೆ ಅಂಟಿಸಿ ಬರುತ್ತದೆ. ಈ ಜೀವದ ಬಗ್ಗೆ ನನಗೆ ನಿಜವಾದ ಅಕ್ಕರೆಯಿದೆ. ಒರೆಸಿದ್ದೂ ಅದೇ ಅಕ್ಕರೆಯಿಂದ.

ಹೊಟ್ಟೆಯ ಒಂದು ಮಗ್ಗುಲಲ್ಲಿ ಜೇನುಬಣ್ಣದ ಏಳೆಂಟು ಕಡ್ಡಿಗಳು ಒತ್ತಾಗಿ ನಿಂತಿದ್ದವು. ಹಳೆಯ ಆಲ್ಕೊಹಾಲಿನ ಗಸಿ ಎಂದುಕೊಂಡೆ. ಚಿತ್ರೀಕರಣದ ಸೂಚನೆಯಲ್ಲಿ 'ಮಾದರಿ ಸ್ವಚ್ಛವಾಗಿರಲಿ' ಎಂದಿತ್ತು. ದಿನಕ್ಕಿಷ್ಟು ಫೋಟೋ ಎಂಬ ಲೆಕ್ಕ ಬೇರೆ. ಪಿನ್ನು ಚುಚ್ಚಿದ ಜೀರುಂಡೆಗೂ ವಯಲ್‌ನ ನೊಣಕ್ಕೂ ಒಂದೇ ಲೆಕ್ಕ. ಆ ಲೆಕ್ಕ ಕಟ್ಟಿದವರು ಒಂದು ದಿನವಾದರೂ ಸೂಕ್ಷ್ಮದರ್ಶಕದ ಮುಂದೆ ಕೂರಬೇಕಿತ್ತು.

ಸಂಜೆ ನಾಲ್ಕಕ್ಕೆ, ಆ ವಯಲ್‌ಗಾಗಿಯೇ ದೂರದಿಂದ ಬಂದಿದ್ದ ಸಂಶೋಧಕಿ ಅದನ್ನು ಕೇಳಿ ಪಡೆದರು. ತಿರುಗಿಸಿ ನೋಡಿದರು, ಮತ್ತೆ ತಿರುಗಿಸಿದರು. "ಇದನ್ನು ಯಾರಾದರೂ ತೊಳೆದರೇ?"

ಕಡ್ಡಿಗಳು ಆರ್ಥ್ರೋರಿಂಕಸ್ ಎಂಬ ಶಿಲೀಂಧ್ರ. ಬಾವಲಿಯ ಮೇಲೆ ನೊಣ, ನೊಣದ ಮೇಲೆ ಇದು. ಚರ್ಮ ತೂರಿ ಒಳಗೆ ಬೇರಿನಂಥ ಎಳೆ ಇಳಿಸಿ ನಿಲ್ಲುತ್ತದೆ. 1857ರಲ್ಲಿ ಇದನ್ನು ಮೊದಲು ವಿವರಿಸಿದ ಕೀಟತಜ್ಞ ಕೊಲೆನಾಟಿ ಹುಳುವೆಂದು ಭಾವಿಸಿದ್ದರಂತೆ. ಅವರು ತಪ್ಪು ತಿಳಿದರೂ ಉಳಿಸಿಕೊಂಡು ಬರೆದರು. ನಾನು ಒರೆಸಿದೆ.

ಕುಂಚ ಜಾಲಾಡಿದ ತಟ್ಟೆಯನ್ನು ಆಗಲೇ ತ್ಯಾಜ್ಯದ ಕ್ಯಾನಿಗೆ ಸುರಿದಿದ್ದೆ. ಆ ದಿನದ ಎಲ್ಲರ ತಟ್ಟೆಗಳೂ ಅದರಲ್ಲೇ. ಮೊದಲು ಕುಂಚವನ್ನು ಬೇರೊಂದು ತಟ್ಟೆಯಲ್ಲಿ ಬಿಡಿಸಿದೆವು. ಕೂದಲುಗಳ ಬುಡದಲ್ಲಿ ಒಂದು ಕಡ್ಡಿ ಸಿಕ್ಕಿತು, ತಳ ಮುರಿದದ್ದು. ಆಮೇಲೆ ಕ್ಯಾನನ್ನು ಅತಿ ಸಣ್ಣ ಜಾಲರಿಯಲ್ಲಿ ಸೋಸುತ್ತ ಕುಳಿತೆವು. ಹುಡುಕುತ್ತಿದ್ದ ವಸ್ತುವಿನ ಉದ್ದ ಒಂದು ಮಿಲಿಮೀಟರಿಗೂ ಕಡಿಮೆ. ಹತ್ತಿಯ ಎಳೆ, ಚಿಟ್ಟೆಯ ಹುರುಪೆ, ಯಾರದೋ ಕೀಟದ ಮೀಸೆ, ಎಲ್ಲವೂ ಅರೆಗಳಿಗೆ ಅದೇ ಆಗಿ ಕಂಡು ಎದೆ ಹಾರಿಸಿದವು. ಆಕೆ ಒಂದು ಬಿರುಸಿನ ಮಾತೂ ಆಡಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಕಟ್ಟಡದ ದೀಪ ಆರಿಸುವ ಹೊತ್ತಿಗೆ ಇನ್ನೊಂದು ಸಿಕ್ಕಿತು, ಇಡಿಯಾಗಿ. ಉಳಿದವು ಹೋದವು. ನೊಣದ ಹೊಟ್ಟೆಯಲ್ಲಿ ಅವು ನಿಂತಿದ್ದ ಕಡೆ ಕಪ್ಪು ಚುಕ್ಕೆಗಳು ಉಳಿದಿವೆ.

ಈಗ ನಾನು ಮೊದಲು ಇದ್ದದ್ದು ಇದ್ದಂತೆ ಫೋಟೋ ತೆಗೆಯುತ್ತೇನೆ. ತಜ್ಞರು ನೋಡಿ ಹೇಳುವ ತನಕ ಕುಂಚ ಮುಟ್ಟುವುದಿಲ್ಲ, ಜಾಲಾಡಿದ ತಟ್ಟೆಗೂ ವಯಲ್‌ನ ನಂಬರನ್ನೇ ಅಂಟಿಸುತ್ತೇನೆ. ಇದರಿಂದ ದಿನದ ಲೆಕ್ಕ ತಪ್ಪುತ್ತದೆ, ತಪ್ಪಲಿ ಎಂದು ಬರೆದು ಕೊಟ್ಟಿದ್ದೇನೆ. ಸೂಚನೆಯ ಹಾಳೆ ಇನ್ನೂ ಬದಲಾಗಿಲ್ಲ. ನನ್ನ ಮೇಜಿನ ಮೇಲಿರುವ ಪ್ರತಿಯಲ್ಲಿ 'ಸ್ವಚ್ಛ' ಎಂಬ ಪದದ ಮೇಲೆ ಆ ಇಡಿ ಕಡ್ಡಿಯ ಫೋಟೋ ಅಂಟಿಸಿದ್ದೇನೆ.