ಬ್ರೇಕ್ ಹಿಡಿದರೆ ಹಕ್ಕಿ ಹಾರುತ್ತದೆ

ಸೈಕಲ್ ತುಳಿಯುತ್ತಾ ಇದ್ದರೆ ಹಕ್ಕಿ ಕೂತೇ ಇರುತ್ತದೆ. ಬ್ರೇಕ್ ಹಿಡಿದು ಒಂದು ಕಾಲು ನೆಲಕ್ಕೆ ಊರಿದರೆ ಸಾಕು, ಹಾರಿಬಿಡುತ್ತದೆ. ಇದು ನನಗೆ ಅರ್ಥವಾಗುವುದಕ್ಕೆ ಎರಡು ಚಳಿಗಾಲ ಹಿಡಿಯಿತು.

ನಮ್ಮ ಮನೆ ಇರುವುದು ಮೈಸೂರಿನ ಅಂಚಿನಲ್ಲಿ, ತಿ. ನರಸೀಪುರ ರಸ್ತೆ ಕಡೆ. ಬೆಳಿಗ್ಗೆ ಐದೂಮುಕ್ಕಾಲಿಗೆ ಹೊರಟರೆ ವರುಣಾ ಕೆರೆ ಹತ್ತಿರ ಹೋಗುವಷ್ಟರಲ್ಲಿ ಬೆಳಕು ಹರಿದಿರುತ್ತದೆ. ಅಲ್ಲಿಂದ ಮುಂದೆ ಮನಸ್ಸು ಬಂದ ಕಡೆ. ಒಂದೊಂದು ದಿನ ನಾಲೆ ಏರಿ ಮೇಲೆ, ಒಂದೊಂದು ದಿನ ಗದ್ದೆ ಬಯಲಿನ ಊರುಗಳ ಒಳಗೆ. ಸೈಕಲ್ ಶುರು ಮಾಡಿದ್ದು ಡಾಕ್ಟರು ಶುಗರ್ ಜಾಸ್ತಿ ಇದೆ ಅಂದಿದ್ದಕ್ಕೆ. ಈಗ ಹೋಗುವುದು ಹಕ್ಕಿಗಾಗಿ. ಶುಗರ್ ಕೂಡ ಇಳಿದಿದೆ, ಅದು ಬೇರೆ ಮಾತು.

ಮೊದಲ ಪಾಠ ಕಲಿಸಿದ್ದು ನೀಲಕಂಠ. ನಮ್ಮ ರಾಜ್ಯಪಕ್ಷಿ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು, ಅಲ್ವಾ? ನೋಡಿದವರು ಎಷ್ಟು ಜನ? ನಾನಂತೂ ನಲವತ್ತು ದಾಟುವ ತನಕ ನೋಡಿರಲಿಲ್ಲ. ನೋಡಿದ್ದೆ, ಗೊತ್ತಾಗಿರಲಿಲ್ಲ ಅನ್ನಬೇಕು. ಕರೆಂಟ್ ತಂತಿ ಮೇಲೆ ಕೂತಾಗ ಅದು ಮಂಕು ಬಣ್ಣದ ಹಕ್ಕಿ. ಎದೆ ಕಂದು, ತಲೆ ದಪ್ಪ, ಗುಬ್ಬಚ್ಚಿಯನ್ನೇ ಪಾರಿವಾಳದಷ್ಟು ಮಾಡಿ ಕೂರಿಸಿದ ಹಾಗೆ. ಚಳಿಗಾಲದಲ್ಲಿ ಆ ರಸ್ತೆಯ ತಂತಿ ಮೇಲೆ ಒಂದು ಕೂತಿರುತ್ತಿತ್ತು. ನಾನು ದೂರದಿಂದಲೇ ನೋಡಿ, ಹತ್ತಿರ ಹೋಗಿ, ಬ್ರೇಕ್ ಹಿಡಿಯುತ್ತಿದ್ದೆ. ಹಾರುತ್ತಿತ್ತು. ಎರಡು ಕಂಬ ಮುಂದೆ ಹೋಗಿ ಕೂರುತ್ತಿತ್ತು. ಮತ್ತೆ ಹೋಗಿ ನಿಲ್ಲಿಸಿದರೆ ಮತ್ತೆ ಎರಡು ಕಂಬ.

ಒಂದು ದಿನ ಮನೆಗೆ ಬೇಗ ಬರಬೇಕಿತ್ತು. ಪಕ್ಕದ ಊರಿನಲ್ಲಿ ಯಾರದೋ ಗೃಹಪ್ರವೇಶ, ಏಳೂವರೆಗೆಲ್ಲ ಹೊರಡಬೇಕು. ಹಾಗಾಗಿ ನಿಲ್ಲಿಸದೆ ಅದರ ಕೆಳಗೇ ತುಳಿದುಕೊಂಡು ಹೋದೆ. ಅದು ಅಲುಗಾಡಲಿಲ್ಲ. ಸುಮ್ನೆ ಕತ್ತು ಬಗ್ಗಿಸಿ ನೆಲ ನೋಡುತ್ತಿತ್ತು. ನಾನು ಕಂಬ ದಾಟುವ ಹೊತ್ತಿಗೆ ಸರಿಯಾಗಿ ನನ್ನ ಮುಂದಿನ ಚಕ್ರದಿಂದ ನಾಲ್ಕು ಮಾರು ದೂರದ ಹುಲ್ಲಿಗೆ ಇಳಿಯಿತು. ಇಳಿಯುವಾಗ ರೆಕ್ಕೆ ಬಿಚ್ಚಿತು. ಆ ನೀಲಿಯನ್ನು ಹೇಗೆ ಹೇಳಲಿ! ಒಂದು ಗಾಢ ನೀಲಿ, ಅದರ ಪಕ್ಕ ತಿಳಿ ನೀಲಿ, ಮತ್ತೆ ಗಾಢ ನೀಲಿ, ರೇಷ್ಮೆ ಸೀರೆಯ ಅಂಚು ಬಿಚ್ಚಿ ಹಿಡಿದ ಹಾಗೆ. ಕೊಕ್ಕಿನಲ್ಲಿ ಮಿಡತೆ ಹಿಡಿದು ಮತ್ತೆ ಅದೇ ತಂತಿಗೆ ಹೋಗಿ ಕೂತಿತು. ಕೂತ ಕೂಡಲೇ ಮತ್ತೆ ಮಂಕು. ಇಡೀ ದಿನ ಗೃಹಪ್ರವೇಶದ ಊಟದಲ್ಲೂ ನನ್ನ ತಲೆಯಲ್ಲಿ ಅದೇ ಇತ್ತು.

ಆಮೇಲೆ ಬೇಕೆಂದೇ ಪರೀಕ್ಷೆ ಮಾಡಿ ನೋಡಿದೆ. ಬೆಳ್ಳಕ್ಕಿ, ಕಾಜಾಣ, ಕಳ್ಳಿಪೀರ, ಮಿಂಚುಳ್ಳಿ, ಎಲ್ಲವೂ ಹೀಗೇ. ಕಾರಿನಲ್ಲಿ ಫೋಟೋ ತೆಗೆಯುವ ಗೆಳೆಯರಿಗೆ ಇದು ಉಲ್ಟಾ. ಅವರು ಕಾರು ನಿಲ್ಲಿಸಿ, ಇಂಜಿನ್ ಆರಿಸಿ, ಕಿಟಕಿ ಇಳಿಸಿ ಎಷ್ಟು ಹೊತ್ತು ಬೇಕಾದರೂ ನೋಡಬಹುದು. ಕಾರೊಳಗೆ ಮನುಷ್ಯ ಇದ್ದಾನೆ ಅಂತ ಹಕ್ಕಿಗೆ ಗೊತ್ತಾಗುವುದು ಕಡಿಮೆ. ಸೈಕಲ್ ಮೇಲೆ ನಾವು ಪೂರ್ತಿ ಕಾಣುತ್ತೇವೆ. ತನ್ನ ಪಾಡಿಗೆ ಹೋಗುವ ಮನುಷ್ಯನಿಂದ ಹಕ್ಕಿಗೆ ತೊಂದರೆ ಇಲ್ಲ, ಹಾಗೆ ಹೋಗುವ ನೂರಾರು ಜನರನ್ನು ಅದು ದಿನಾ ನೋಡುತ್ತದೆ. ನಿಂತು, ತಿರುಗಿ, ತನ್ನನ್ನೇ ದಿಟ್ಟಿಸುವ ಮನುಷ್ಯ ಮಾತ್ರ ಬೇರೆ. ನನಗೆ ಅನ್ನಿಸಿದ್ದು ಇಷ್ಟು.

ಇನ್ನೊಂದು ಸಣ್ಣ ವಿಷಯ ಇದೆ, ಸೈಕಲ್ಲಿನವರಿಗೆ ಮಾತ್ರ ಅರ್ಥವಾಗುವಂಥದ್ದು. ಪೆಡಲ್ ತುಳಿಯುವುದನ್ನು ನಿಲ್ಲಿಸಿ ಸೈಕಲ್ಲನ್ನು ಅದರಷ್ಟಕ್ಕೆ ಹೋಗಲು ಬಿಟ್ಟರೆ ಹಿಂದಿನ ಚಕ್ರದ ಫ್ರೀವೀಲ್ ಕಟಕಟ ಅನ್ನುತ್ತದೆ. ಎಷ್ಟೋ ಹಕ್ಕಿಗಳು ಆ ಸದ್ದಿಗೇ ಕತ್ತು ಎತ್ತುತ್ತವೆ. ಹಾಗಾಗಿ ಹಕ್ಕಿ ಕಂಡ ಕೂಡಲೇ ನಾನು ತುಳಿಯುವುದನ್ನು ಬಿಡುವುದಿಲ್ಲ. ಗೇರ್ ಇಳಿಸಿ, ನಿಧಾನಕ್ಕೆ, ಒಂದೇ ಸಮ ತುಳಿಯುತ್ತೇನೆ. ಚೈನಿಗೆ ಎಣ್ಣೆ ಬಿಟ್ಟಿದ್ದರೆ ಸದ್ದೇ ಇರುವುದಿಲ್ಲ. ಬೈನಾಕ್ಯುಲರ್ ಈಗ ಮನೆಯಲ್ಲೇ ಇರುತ್ತದೆ.

ನಾಲೆ ಏರಿ ಮೇಲೆ ಕಪ್ಪು-ಬಿಳಿ ಮಿಂಚುಳ್ಳಿ ಜೊತೆಗೆ ಬರುತ್ತದೆ. ನೀರಿನ ಮೇಲೆ ಒಂದೇ ಜಾಗದಲ್ಲಿ ರೆಕ್ಕೆ ಬಡಿಯುತ್ತಾ, ಕೊಕ್ಕು ಕೆಳಗೆ ಮಾಡಿ, ಗಾಳಿಯಲ್ಲಿ ಮೊಳೆ ಹೊಡೆದ ಹಾಗೆ ನಿಲ್ಲುತ್ತದೆ. ಆಮೇಲೆ ಕಲ್ಲು ಬಿದ್ದ ಹಾಗೆ ನೀರಿಗೆ. ಮೀನು ಸಿಕ್ಕದಿದ್ದರೆ ಸ್ವಲ್ಪ ಮುಂದೆ ಹಾರಿ ಮತ್ತೆ ಅದೇ. ಹೀಗೆ ಎರಡು ಕಿಲೋಮೀಟರ್ ನಾವಿಬ್ಬರೂ ಒಂದೇ ದಿಕ್ಕಿಗೆ ಹೋದ ಬೆಳಿಗ್ಗೆಗಳಿವೆ. ಗದ್ದೆ ಉಳುವ ಕಾಲದಲ್ಲಿ ಟ್ರ್ಯಾಕ್ಟರ್ ಹಿಂದೆ ಬೆಳ್ಳಕ್ಕಿ ಹಿಂಡು, ಅದರ ಹಿಂದೆ ಕರಿ ಕೆಂಬರಲು ಒಂದೆರಡು. ಬಣ್ಣದ ಕೊಕ್ಕರೆಗಳು ಮಾತ್ರ ಟ್ರ್ಯಾಕ್ಟರ್ ಗೊಡವೆಗೆ ಹೋಗುವುದಿಲ್ಲ. ದೂರದಲ್ಲಿ ಬಗ್ಗಡದ ನೀರಿನಲ್ಲಿ ನಿಂತು, ಕೊಕ್ಕನ್ನು ಅರ್ಧ ತೆರೆದು ನೀರೊಳಗೆ ಇಟ್ಟು, ತಲೆಯನ್ನು ಆ ಕಡೆ ಈ ಕಡೆ ಆಡಿಸುತ್ತಾ ನಡೆಯುತ್ತವೆ. ಅವುಗಳಿಗೆ ಮೀನು ಕಾಣಬೇಕಾಗಿಲ್ಲ, ಕೊಕ್ಕಿಗೆ ತಾಗಿದರೆ ಸಾಕು, ಟಪ್ ಅಂತ ಮುಚ್ಚುತ್ತದೆ. 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನಲ್ಲಿ ಗೂಡು ಕಟ್ಟುವ ಜಾತಿಯೇ ಇವು. ಅಲ್ಲಿ ದೋಣಿಯಲ್ಲಿ ಕೂತು ನೋಡುವುದೂ ಚಂದ. ಆದರೆ ಯಾರದೋ ಗದ್ದೆಯಲ್ಲಿ, ಟಿಕೆಟ್ ಇಲ್ಲದೆ, ಮೂವತ್ತು ಅಡಿ ದೂರದಲ್ಲಿ ಅದು ತನ್ನ ತಿಂಡಿ ತಿನ್ನುತ್ತಿರುವುದನ್ನು ನೋಡುವುದು ನನಗೆ ಹೆಚ್ಚು ಇಷ್ಟ.

ಬೆಳಿಗ್ಗೆ ಸೈಕಲ್ಲಿನಲ್ಲಿ ಹೋಗುವವರಿಗೆ ರಾತ್ರಿ ಸತ್ತವೂ ಕಾಣುತ್ತವೆ. ಇದನ್ನು ಬರೆಯದೆ ಬಿಟ್ಟರೆ ತಪ್ಪಾಗುತ್ತದೆ. ಕಾರಿನ ವೇಗಕ್ಕೆ ಅದು ರಸ್ತೆಯ ಮೇಲಿನ ಒಂದು ಕಲೆ ಅಷ್ಟೇ. ನಮ್ಮ ವೇಗಕ್ಕೆ ಅದು ಮುಂಗುಸಿ, ಅದಕ್ಕೆ ಬಾಲ ಇದೆ, ಕಣ್ಣಿದೆ. ಮೊದಲ ಮಳೆ ಬಿದ್ದ ಮಾರನೇ ದಿನ ಕಪ್ಪೆಗಳು ಲೆಕ್ಕಕ್ಕೇ ಸಿಗುವುದಿಲ್ಲ. ಕೇರೆ ಹಾವುಗಳು ಜಾಸ್ತಿ. ತಣ್ಣಗಿನ ಬೆಳಗ್ಗೆ ಬಿಸಿಲು ಬಿದ್ದ ಡಾಂಬರಿನ ಮೇಲೆ ಮೈ ಕಾಯಿಸಲು ಬರುತ್ತವೆ, ಅಷ್ಟೇ ಅವು ಮಾಡುವ ತಪ್ಪು. ಸತ್ತದ್ದನ್ನು ನಾನು ಕೋಲಿನಿಂದ ಎತ್ತಿ ರಸ್ತೆ ಪಕ್ಕಕ್ಕೆ ಹಾಕುತ್ತೇನೆ. ಇಲ್ಲದಿದ್ದರೆ ಅದನ್ನು ತಿನ್ನಲು ಬರುವ ಹದ್ದು, ಕಾಗೆ ಕೂಡ ಗಾಡಿಗೆ ಸಿಗುತ್ತವೆ. ಒಮ್ಮೆ ಒಂದು ಕೇರೆ, ನನ್ನ ಸೈಕಲ್‌ಗಿಂತ ಉದ್ದ ಇತ್ತು, ನಿಧಾನಕ್ಕೆ ದಾಟುತ್ತಿತ್ತು. ಎದುರಿಗೆ ಹಾಲಿನ ವ್ಯಾನ್. ನಾನು ಸೈಕಲ್ ಅಡ್ಡ ನಿಲ್ಲಿಸಿ ಕೈ ಎತ್ತಿದೆ. ಡ್ರೈವರ್ ಬೈಯುತ್ತಾನೆ ಅಂದುಕೊಂಡೆ. ಅವನು ಇಳಿದು ಬಂದು ನನ್ನ ಪಕ್ಕದಲ್ಲೇ ನಿಂತು, ಅದರ ಬಾಲ ಬೇಲಿಯೊಳಗೆ ಸೇರುವ ತನಕ ನೋಡಿ, "ಇಲಿ ತಿನ್ನೋದು ಇದೇ ಸಾರ್, ನಮ್ಮ ಗದ್ದೇಲೂ ಒಂದೈತೆ" ಅಂದು ಹೋದ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧ ಇದೆ, ಅದನ್ನು ತೆಗೆಯಿರಿ ಅನ್ನುವ ಕೂಗು ಆಗಾಗ ಏಳುತ್ತದೆ. ಕೂಗುವವರು ಒಂದು ಬೆಳಿಗ್ಗೆ, ಕಾಡೂ ಅಲ್ಲದ ನಮ್ಮ ಈ ರಸ್ತೆಯಲ್ಲಿ, ಹತ್ತು ಕಿಲೋಮೀಟರ್ ಸೈಕಲ್ ತುಳಿದು ನೋಡಲಿ ಅಂತ ನನ್ನ ಆಸೆ.

ಜನವರಿಯಲ್ಲಿ ಒಂದು ಭಾನುವಾರವನ್ನು ಹೆಬ್ಬಾತುಗಳಿಗೆ ಅಂತ ಎತ್ತಿಡುತ್ತೇನೆ. ನಂಜನಗೂಡು ತಾಲೂಕಿನ ಹದಿನಾರು ಅನ್ನುವ ಊರಿನ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬಿಳಿ ತಲೆ, ಹಿಂದೆ ಎರಡು ಕಪ್ಪು ಪಟ್ಟೆ. ಹಿಮಾಲಯ ದಾಟಿ ಬರುವ ಹಕ್ಕಿ ಇದು. 7,000 ಮೀಟರ್‌ಗಿಂತ ಎತ್ತರದಲ್ಲಿ ಹಾರಿದ್ದನ್ನು ಉಪಗ್ರಹದ ಮೂಲಕ ಅಳೆದಿದ್ದಾರೆ. ಗದಗ ಜಿಲ್ಲೆಯ ಮಾಗಡಿ ಕೆರೆಯೂ ಇವಕ್ಕೆ ಹೆಸರುವಾಸಿ, 2024ರಲ್ಲಿ ಆ ಕೆರೆ ರಾಮ್‌ಸಾರ್ ಪಟ್ಟಿಗೂ, ಅಂದರೆ ಜಗತ್ತಿನ ಮಹತ್ವದ ಕೆರೆ-ಜೌಗು ಪ್ರದೇಶಗಳ ಪಟ್ಟಿಗೂ, ಸೇರಿತು. ಕತ್ತಲಲ್ಲಿ ಹೊಲಗಳಲ್ಲಿ ಮೇಯ್ದು ಬೆಳಿಗ್ಗೆ ಕೆರೆಗೆ ವಾಪಸ್ ಬರುತ್ತವೆ. ಆ ಹೊತ್ತಿಗೆ ರಸ್ತೆಯ ಮೇಲೆ ಇರಬೇಕು ನೀವು. ಮೊದಲು ಸದ್ದು, ಮೂಗಿನಿಂದ ಕೂಗಿದ ಹಾಗೆ, ಆಮೇಲೆ ತಲೆಯ ಮೇಲೆ ಸಾಲು. ಹೆಲ್ಮೆಟ್ ಒಳಗೆ ಕಿವಿಗೆ ಮಫ್ಲರ್ ಸುತ್ತಿಕೊಂಡಿದ್ದರೆ ಕೇಳುವುದಿಲ್ಲ, ಆ ಒಂದು ದಿನ ಚಳಿ ತಡೆದುಕೊಳ್ಳಿ.

ಆದರೆ ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಹಿಮಾಲಯದ್ದಲ್ಲ, ನಮ್ಮ ಮನೆಯಿಂದ ಒಂದೂವರೆ ಕಿಲೋಮೀಟರ್ ದೂರದ ಟಿಟ್ಟಿಭ.

ಅಲ್ಲೊಂದು ಹೊಸ ಬಡಾವಣೆ ಆಗುತ್ತಿದೆ. ಮೊದಲು ಹುರುಳಿ ಹೊಲ ಆಗಿತ್ತು. ಈಗ ಸೈಟುಗಳ ಕಲ್ಲು, ಚರಂಡಿ, ರಸ್ತೆಗೆ ಸುರಿದ ಜಲ್ಲಿ. ಹೋದ ವರ್ಷ ಏಪ್ರಿಲ್‌ನಲ್ಲಿ ಅಡ್ಡದಾರಿ ಅಂತ ಆ ಜಲ್ಲಿ ರಸ್ತೆಯಲ್ಲಿ ಹೋಗುತ್ತಿದ್ದೆ. ದಾರಿ ಮಧ್ಯದಲ್ಲೇ ಒಂದು ಟಿಟ್ಟಿಭ ಕೂತಿತ್ತು. ಬದಿಯಿಂದ ತುಳಿದುಕೊಂಡು ಹೋದೆ, ಏಳಲಿಲ್ಲ. ಕಣ್ಣಿನ ಮುಂದಿನ ಆ ಕೆಂಪು ತೊಗಲು, ಕೆಂಪು ಕೊಕ್ಕಿನ ಕಪ್ಪು ತುದಿ, ಎಲ್ಲ ಕಂಡಿತು. ಈ ಹಕ್ಕಿ ಸಾಮಾನ್ಯವಾಗಿ ನೂರು ಅಡಿ ಇರುವಾಗಲೇ ಊರೆಲ್ಲ ಒಂದು ಮಾಡುತ್ತದೆ. ಇದೇನು ಕೂತೇ ಇದೆ ಅಂತ ನಿಲ್ಲಿಸಿಬಿಟ್ಟೆ. ಎದ್ದು ತಲೆಯ ಮೇಲೆ ಬಂದು ಕಿರುಚಿದ್ದು ನೋಡಬೇಕು! ಎಲ್ಲಿತ್ತೋ, ಅದರ ಜೋಡಿಯೂ ಬಂತು. ಎರಡೂ ಸೇರಿ ಹೆಲ್ಮೆಟ್ ಹತ್ತಿರಕ್ಕೇ ಇಳಿದು ಏಳುತ್ತಿದ್ದವು. ಅದು ಕೂತಿದ್ದ ಜಾಗ ನೋಡಿದೆ. ಏನೂ ಇಲ್ಲ, ಜಲ್ಲಿ. ಮತ್ತೆ ನೋಡಿದೆ. ಜಲ್ಲಿ ನಡುವೆ ನಾಲ್ಕು ಮೊಟ್ಟೆ, ಚೂಪು ತುದಿ ಒಳಗೆ ಮಾಡಿ ಹೂವಿನ ಎಸಳಿನ ಹಾಗೆ ಜೋಡಿಸಿದ್ದು. ಮಣ್ಣಿನ ಬಣ್ಣ, ಮೇಲೆ ಕಪ್ಪು ಚುಕ್ಕಿ. ಒಂದು ಅಡಿ ಈಚೆ ಬಂದಿದ್ದರೆ ಚಕ್ರ ಅದರ ಮೇಲೇ ಹೋಗುತ್ತಿತ್ತು.

ಗುರುತಿಗೆ ಸುತ್ತ ನಾಲ್ಕು ಕಲ್ಲು ಇಡೋಣ ಅಂತ ಬಗ್ಗಿದೆ. ಅಷ್ಟರಲ್ಲಿ ಚರಂಡಿ ಕೆಲಸದ ಹೆಂಗಸೊಬ್ಬರು ದೂರದಿಂದ ಕೂಗಿದರು. ರಾಯಚೂರು ಕಡೆಯವರು.

"ಅಲ್ಲಿ ನಿಂದರಬ್ಯಾಡ್ರಿ ಅಣ್ಣಾರ, ಬಾಣಂತಿ ಕುಂತೈತಿ. ನೀವು ಹ್ವಾದ್ರ ಅದು ಬಂದು ಕುಂದರ್ತೈತಿ. ಬಿಸಲಿಗೆ ತತ್ತಿ ಕೆಡ್ತಾವ."

ನಾನು ತಕ್ಷಣ ಸೈಕಲ್ ಹತ್ತಿದೆ. ಏಪ್ರಿಲ್ ಬಿಸಿಲಿನಲ್ಲಿ ಜಲ್ಲಿ ಎಷ್ಟು ಕಾಯುತ್ತದೆ ಅಂತ ಅವರಿಗೆ ಗೊತ್ತು, ಅವರು ಅದರ ಮೇಲೇ ದಿನವಿಡೀ ನಿಂತು ಕೆಲಸ ಮಾಡುವವರು. ನನಗೆ ಹೊಳೆದಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ, ಈ ಹಕ್ಕಿಗಳು ಬಿಸಿಲು ಹೆಚ್ಚಾದಾಗ ನೀರಿಗೆ ಹೋಗಿ ಹೊಟ್ಟೆಯ ಪುಕ್ಕ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತವೆ. ಕಾವು ಕೊಡುವುದಕ್ಕಲ್ಲ, ತಂಪು ಮಾಡುವುದಕ್ಕೆ. ನಮ್ಮಜ್ಜಿ ಹೇಳುತ್ತಿದ್ದರು, ಟಿಟ್ಟಿಭ ರಾತ್ರಿ ಮಲಗುವಾಗ ಕಾಲು ಮೇಲೆ ಮಾಡಿ ಮಲಗುತ್ತದೆ, ಆಕಾಶ ಬಿದ್ದರೆ ಹಿಡಿಯುವುದಕ್ಕೆ ಅಂತ. ಚಿಕ್ಕವನಾಗಿದ್ದಾಗ ನಕ್ಕಿದ್ದೆ.

ಅಲ್ಲಿಂದ ದಿನಾ ಅದೇ ದಾರಿ. ಒಂದು ದಿನವೂ ನಿಲ್ಲಿಸಲಿಲ್ಲ. ಎಡಕ್ಕೆ ಸರಿದು, ಒಂದೇ ಸಮ ತುಳಿಯುತ್ತಾ, ಕಣ್ಣಂಚಿನಲ್ಲಿ ನೋಡಿಕೊಂಡು ಹೋಗುವುದು. ಮೂರನೇ ದಿನಕ್ಕೆ ಸುತ್ತಲೂ ದಪ್ಪ ದಪ್ಪ ಸೈಜುಗಲ್ಲು ಬಂದಿದ್ದವು, ಒಂದಕ್ಕೆ ಕೆಂಪು ಬಟ್ಟೆ ಕಟ್ಟಿತ್ತು. ಅವರೇ ಇಟ್ಟದ್ದು. ಟಿಪ್ಪರ್‌ಗಳು ಆ ಕಲ್ಲು ಬಳಸಿ ಹೋಗುತ್ತಿದ್ದವು. ರೋಡ್ ರೋಲರ್ ಬಂದ ದಿನ ನನಗೆ ಭಯ ಆಗಿತ್ತು. ಮೇಸ್ತ್ರಿ ಆ ಒಂದು ತುಂಡು ಬಿಟ್ಟು ಆಚೆ ಈಚೆ ರೋಲ್ ಮಾಡಿಸಿದ್ದ. ಯಾರೂ ಅವರಿಗೆ ಹೇಳಿರಲಿಲ್ಲ, ಯಾವ ಬೋರ್ಡೂ ಇರಲಿಲ್ಲ.

ಮೇ ತಿಂಗಳ ಮಧ್ಯದಲ್ಲಿ ಒಂದು ಬೆಳಿಗ್ಗೆ ಕಲ್ಲುಗಳ ನಡುವೆ ಹಕ್ಕಿ ಇರಲಿಲ್ಲ. ಮೊಟ್ಟೆಯೂ ಇರಲಿಲ್ಲ. ಎದೆ ಧಸಕ್ ಅಂತು. ನಾಯಿಯೋ, ಮುಂಗುಸಿಯೋ ಅಂತ ಯೋಚಿಸುತ್ತಾ ಇಪ್ಪತ್ತು ಮಾರು ಹೋಗಿರಬೇಕು, ಚರಂಡಿ ಆಚೆಯಿಂದ ಕಿರುಚಾಟ ಶುರುವಾಯಿತು. ಆ ಕಡೆಯ ಖಾಲಿ ಸೈಟಿನಲ್ಲಿ ಕಡ್ಡಿಕಾಲಿನ ಮೂರು ಹತ್ತಿ ಉಂಡೆಗಳು ಓಡುತ್ತಿದ್ದವು. ತಾಯಿ ಕೂಗಿದ ಕೂಡಲೇ ಮೂರೂ ಇದ್ದಲ್ಲೇ ಕುಸಿದು ಕೂತವು. ಕಣ್ಣೆದುರೇ ಕೂತದ್ದು, ಆದರೂ ಕಾಣದಾದವು. ನಾಲ್ಕನೆಯದು ಎಲ್ಲೋ ಗೊತ್ತಾಗಲಿಲ್ಲ. ಹುಡುಕಬೇಕು ಅಂತ ತುಂಬಾ ಅನ್ನಿಸಿತು, ಬೆರಳು ಬ್ರೇಕ್ ಮೇಲೇ ಇತ್ತು. ಹಿಡಿಯಲಿಲ್ಲ.

ಈ ವರ್ಷ ಆ ರಸ್ತೆಗೆ ಡಾಂಬರು ಬಿದ್ದಿದೆ. ಚರಂಡಿ ಕೆಲಸದವರು ಬೇರೆ ಕಡೆ ಹೋಗಿದ್ದಾರೆ. ಟಿಟ್ಟಿಭ ಮಾತ್ರ ಇಲ್ಲೇ ಇದೆ, ಮೂರು ಸೈಟು ಆಚೆ, ಯಾರೋ ಮನೆ ಕಟ್ಟಲು ಸುರಿಸಿದ ಜಲ್ಲಿ ಗುಡ್ಡೆಯ ಪಕ್ಕದಲ್ಲಿ. ಮೊನ್ನೆಯಿಂದ ಎದ್ದು ಹೋಗುತ್ತಿಲ್ಲ, ಕೂತೇ ಇದೆ. ಸೈಟಿನ ಮಾಲೀಕರ ಫೋನ್ ನಂಬರ್ ಪಕ್ಕದ ಅಂಗಡಿಯವರ ಹತ್ತಿರ ಸಿಕ್ಕಿದೆ. ಇವತ್ತು ಸಂಜೆ ಫೋನ್ ಮಾಡಿ, ಒಂದು ತಿಂಗಳು ಆ ಗುಡ್ಡೆ ಮುಟ್ಟಬೇಡಿ ಅಂತ ಕೇಳುತ್ತೇನೆ.