ಕಾಂಬಿನೇಶನ್ ಕಾಲಂ ತುಂಬಿದವರು ಯಾರು?

ಎಸ್ಸೆಸ್ಸೆಲ್ಸಿ ಫಲಿತಾಂಶದ ವಾರ ಹಾಸನದ ಪಿಯು ಕಾಲೇಜುಗಳ ಕೌಂಟರ್ ಮುಂದೆ ಸಾಲು ನಿಂತ ನಮ್ಮ ಬ್ಯಾಚಿನವರಿಗೆಲ್ಲ ನೆನಪಿದ್ದೀತು: ಅರ್ಜಿಯ ಕಾಂಬಿನೇಶನ್ (ಯಾವ ನಾಲ್ಕು ವಿಷಯ ಎನ್ನುವ) ಕಾಲಂ ತುಂಬುತ್ತಿದ್ದುದು ಅಪ್ಪನೋ ಸೋದರಮಾವನೋ. ಹುಡುಗನಿಗೆ ಪಿಸಿಎಂಸಿ, ಅಂದರೆ ಭೌತ, ರಸಾಯನ, ಗಣಿತದ ಜೊತೆ ಕಂಪ್ಯೂಟರ್; ಹುಡುಗಿಗೆ ಪಿಸಿಎಂಬಿ, ಕಂಪ್ಯೂಟರ್ ಬದಲು ಜೀವಶಾಸ್ತ್ರ. ಮುಂದೆ ವಿಶ್ವವಿದ್ಯಾಲಯದಲ್ಲಿ ಕಾಣುವ ಗಂಡು ಹೆಣ್ಣಿನ ಲೆಕ್ಕ ಅರ್ಧ ಅಲ್ಲೇ ಮುಗಿದಿರುತ್ತಿತ್ತು.

ಪಿಸಿಎಂಬಿ ಕೆಟ್ಟ ಆಯ್ಕೆಯೇನಲ್ಲ. ಎಂಜಿನಿಯರಿಂಗ್, ವೈದ್ಯಕೀಯ, ಕಾರೆಕೆರೆಯ ಕೃಷಿ ಕಾಲೇಜು, ಮೂರಕ್ಕೂ ದಾರಿ ಉಳಿಯುತ್ತದೆ. ಎಡವುವುದು ಎರಡನೇ ವರ್ಷದಲ್ಲಿ. ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್‌ನ 720 ಅಂಕದಲ್ಲಿ 360 ಜೀವಶಾಸ್ತ್ರದ್ದೇ, ಗಣಿತದ್ದು ಸೊನ್ನೆ; ಹಾಗಾಗಿ ಗಣಿತದ ನೋಟ್ಸು ಮೂಲೆ ಸೇರುತ್ತದೆ. ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿಯ ಎಂಜಿನಿಯರಿಂಗ್ ರ್‍ಯಾಂಕಿಗೋ ಗಣಿತ, ಭೌತ, ರಸಾಯನಕ್ಕೆ ತಲಾ 60, ಜೊತೆಗೆ ಪಿಯು ಅಂಕಕ್ಕೂ ಅರ್ಧ ಪಾಲು. ನೀಟ್ ಕೈಕೊಟ್ಟಾಗ ಇದೂ ಕೈತಪ್ಪಿರುತ್ತದೆ. ಉಳಿಯುವುದು ಊರಿನ ಬಿ.ಎಸ್ಸಿ., ಆಮೇಲೆ ಬಿ.ಎಡ್. ಇದನ್ನೇ ‘ಹೆಣ್ಣುಮಕ್ಕಳಿಗೆ ಟೀಚರ್ ಕೆಲಸ ಇಷ್ಟ’ ಅನ್ನುತ್ತಾರೆ! ವಿಜ್ಞಾನಕ್ಕೆ ಹೆದರಿದವರಂತೂ ಅಲ್ಲ: 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ವಿಜ್ಞಾನ ವಿಭಾಗದಲ್ಲಿ ಹುಡುಗಿಯರು 29.8 ಲಕ್ಷ, ಹುಡುಗರು 27.4 ಲಕ್ಷ. ಎಂಜಿನಿಯರಿಂಗ್‌ನಲ್ಲಿ ಮಾತ್ರ ಹುಡುಗಿಯರು ಆಗ ಶೇ 30 ದಾಟಿರಲಿಲ್ಲ.

ಇನ್ನೊಂದು ಎಡವಟ್ಟು ಆಪ್ಷನ್ ಎಂಟ್ರಿಯದು, ಅಂದರೆ ಬೇಕಾದ ಸೀಟುಗಳನ್ನು ಇಷ್ಟದ ಕ್ರಮದಲ್ಲಿ ಪಟ್ಟಿ ಮಾಡುವುದರದು. ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಪಟ್ಟಿಯನ್ನು ಮೇಲಿನಿಂದ ನೋಡುತ್ತ ಬಂದು ರ್‍ಯಾಂಕಿಗೆ ದಕ್ಕುವ ಮೊದಲ ಸೀಟು ಕೊಡುತ್ತದೆ. ಅದರ ಕೆಳಗಿನವು ಲೆಕ್ಕಕ್ಕಿಲ್ಲ. ಆಲೂರು, ಸಕಲೇಶಪುರದ ಕಡೆ ಮಗಳ ಪಟ್ಟಿಯ ತಲೆಗೆ ‘ಸಂಜೆ ಬಸ್ಸಿಗೆ ಮನೆಗೆ ಬರಲಿ’ ಎಂದು ಹಾಸನದ ಕಾಲೇಜು ಹಾಕುತ್ತಾರೆ. ಬೆಂಗಳೂರಿನ ಒಳ್ಳೆಯ ಸೀಟಿಗೆ ರ್‍ಯಾಂಕ್ ಸಾಕಾಗಿದ್ದರೂ ಅದು ಹತ್ತನೇ ಸಾಲಿನಲ್ಲಿದ್ದರೆ ಕೈತಪ್ಪಿದಂತೆಯೇ. ಯಾವ ಸೀಟು ಸಿಗಬಹುದೆಂದು ತೋರಿಸುವ ಅಣಕು ಹಂಚಿಕೆ ಬಂದ ಮೇಲೆ ಸಾಲು ಅದಲುಬದಲು ಮಾಡಬಹುದು, ಪಾಸ್‌ವರ್ಡ್ ಸೈಬರ್ ಸೆಂಟರಿನವನ ಬಳಿಯೇ ಉಳಿದಿರದಿದ್ದರೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಟಿಕೆಟ್ ಕಾಸು ಉಳಿಸಿದೆ; ಪ್ರಾಕ್ಟಿಕಲ್ ಮುಗಿಯುವ ಹೊತ್ತು, ಕೊನೆಯ ಬಸ್ಸಿನ ಹೊತ್ತು ಹಾಗೇ ಇವೆ.

ಮೆಕ್ಯಾನಿಕಲ್ ಹುಡುಗಿಯರಿಗಲ್ಲ ಎನ್ನುವವರು ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯುವಿನ ಹಳೆಯ ಸಿಲಬಸ್ಸಿನ ವರ್ಕ್‌ಶಾಪ್ ನೆನೆಯಲಿ. ಯಾವ ಬ್ರಾಂಚಿನವರಾದರೂ ಅರ ಹಿಡಿದು, ಒಂದಕ್ಕೊಂದು ಕಚ್ಚಿಕೊಳ್ಳುವ ಲೋಹದ ತುಂಡುಗಳ ಜೋಡಣೆಯಾದ ಡವ್‌ಟೈಲ್ ತಿಕ್ಕಲೇಬೇಕಿತ್ತು. ಸಂದಿಯಲ್ಲಿ ಬೆಳಕು ಕಂಡರೆ ಅದು ಅವಸರದ ತಪ್ಪು, ಮೂಲೆಮಟ್ಟ ಇಡದ ತಪ್ಪು, ತೋಳಿನ ಬಲದ್ದಲ್ಲ.

ದುಡ್ಡಿನ ಮಾತು ಬಂದರೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು (ಎಐಸಿಟಿಇ) ಹುಡುಗಿಯರಿಗೆ ಕೊಡುವ ‘ಪ್ರಗತಿ’ ವಿದ್ಯಾರ್ಥಿವೇತನ ವರ್ಷಕ್ಕೆ 50,000 ರೂಪಾಯಿ. ಮನೆಯ ಆದಾಯ 8 ಲಕ್ಷ ಮೀರಬಾರದು, ಒಂದು ಮನೆಯಿಂದ ಇಬ್ಬರು ಹೆಣ್ಣುಮಕ್ಕಳವರೆಗೆ. ನಾಡಕಚೇರಿಯ ಆದಾಯ ಪತ್ರ ಸೀಟು ಸಿಗುವ ಮೊದಲೇ ಕೈಯಲ್ಲಿರಲಿ.