ಕ್ವಾರ್ಟರ್ ಲೆಕ್ಕ, ನೀಲಿ ಹಲಗೆ

"ಇವತ್ತು ಕ್ವಾರ್ಟರ್ ಬಂದಿದೆ" ಅಂತ ನಾನು ಶೆಡ್‌ನಲ್ಲಿ ಹೇಳಿದರೆ ಹುಡುಗರು ಇನ್ನೂ ಮುಸಿಮುಸಿ ನಗುತ್ತಾರೆ. ಅವರಿಗೆ ಕ್ವಾರ್ಟರ್ ಅಂದರೆ ಒಂದೇ ಅರ್ಥ. ನನಗೆ ಮೂರು. ಮೊದಲನೆಯದು ಅವರದ್ದೇ, ಅದನ್ನು ಬಿಡಿ. ಎರಡನೆಯದು ದಿಮ್ಮಿಯ ಸುತ್ತಳತೆಯ ಕಾಲು ಭಾಗ, ಕ್ವಾರ್ಟರ್ ಗರ್ತ್. ಅಪ್ಪ ಜೀವನಪೂರ್ತಿ ಕಟ್ಟಿಗೆ ಅಳೆದದ್ದು ಅದರಲ್ಲೇ. ಮೂರನೆಯದು ನ್ಯೂಜಿಲೆಂಡ್ ಸರ್ಕಾರ ಮೂರು ತಿಂಗಳಿಗೊಮ್ಮೆ ಹೊರಡಿಸುವ ಲೆಕ್ಕ. ಎಷ್ಟು ಮರ ಕಡಿದರು, ಎಷ್ಟು ಕೊಯ್ದರು, ಎಷ್ಟು ಹಡಗು ಹತ್ತಿಸಿದರು, ಯಾವ ದೇಶಕ್ಕೆ ಕಳಿಸಿದರು ಅನ್ನುವುದು.

ಕಲಬುರಗಿಯ ಕಪನೂರಿನಲ್ಲಿ ಕೂತು ಪ್ಯಾಲೆಟ್, ಅಂದರೆ ಸಾಮಾನು ಪೇರಿಸಿ ಸಾಗಿಸುವ ಮರದ ಚೌಕಟ್ಟು, ಹೊಡೆಯುವವನಿಗೆ ನ್ಯೂಜಿಲೆಂಡ್ ಕಾಡಿನ ಉಸಾಬರಿ ಯಾಕೆ ಅಂತ ನನ್ನ ಹೆಂಡತಿಯೂ ಕೇಳಿದ್ದಾಳೆ. ಕಾರಣ ಸರಳ. ನನ್ನ ಹಲಗೆ ಅಲ್ಲಿಂದ ಬರುತ್ತದೆ. ಕಾಂಡ್ಲಾ ಬಂದರಿನಲ್ಲಿ ದಿಮ್ಮಿ ಇಳಿಯುತ್ತದೆ, ಪಕ್ಕದ ಗಾಂಧಿಧಾಮದ ಸಾಮಿಲ್‌ಗಳಲ್ಲಿ ಕೊಯ್ಯುತ್ತಾರೆ, ಅಲ್ಲಿಂದ ಅಹ್ಮದಾಬಾದ್, ಪುಣೆ, ಸೊಲ್ಲಾಪುರ ದಾಟಿ ಲಾರಿ ನಮ್ಮ ಗೇಟಿಗೆ ಬಂದು ನಿಲ್ಲುತ್ತದೆ. ಬೇಲಿಯಾಚೆ ಬೇವು, ಜಾಲಿ ಬೇಕಾದಷ್ಟು ಬೆಳೆದು ನಿಂತಿವೆ. ಆದರೆ ಜಾಲಿಗೆ ಮೊಳೆ ಹೊಡೆದರೆ ಮೊಳೆಯೇ ಡೊಂಕಾಗುತ್ತದೆ. ಚಿಂಚೋಳಿ ಕಡೆ ಸಾಗವಾನಿ ಇದೆ, ಆದರೆ ಅದು ಈಗ ವನ್ಯಜೀವಿ ಧಾಮ, ಮುಟ್ಟುವ ಹಾಗಿಲ್ಲ, ಮುಟ್ಟಬಾರದು ಕೂಡ. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕಾಡು ಕಡಿಯುವುದಕ್ಕೆ ಬಿಗಿ ಹಾಕಿದ ಮೇಲೆ ಅಪ್ಪನ ಕಟ್ಟಿಗೆ ಅಡ್ಡಾ ನಿಧಾನಕ್ಕೆ ಸೊರಗಿತು. ನಾನು ಬಿ.ಕಾಂ ಮುಗಿಸಿ ಕೂತಾಗ ಉಳಿದದ್ದು ಒಂದು ಶೆಡ್, ಎರಡು ಗರಗಸ ಮತ್ತು ಅಪ್ಪನ ಅಳತೆ ಟೇಪು. ಪೈನ್ ಹಿಡಿದದ್ದು ಆಮೇಲೆ.

ಈ ಪೈನ್‌ಗೆ ರೇಡಿಯೇಟಾ ಅಂತ ಹೆಸರು. ಹಲಗೆಯ ತುದಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡಿದರೆ ಉಂಗುರಗಳು ಕಿರುಬೆರಳಿನಷ್ಟು ಅಗಲ ಇರುತ್ತವೆ. ನಮ್ಮ ಸಾಗವಾನಿಯಲ್ಲಿ ಅಷ್ಟೇ ಜಾಗದಲ್ಲಿ ನಾಲ್ಕೈದು ಉಂಗುರ ಒತ್ತೊತ್ತಾಗಿ ಕೂತಿರುತ್ತವೆ. ಅಂದರೆ ಇದು ಗಡಿಬಿಡಿಯಲ್ಲಿ ಬೆಳೆದ ಮರ. 28 ವರ್ಷದ ಆಸುಪಾಸಿಗೆ ಕಡಿಯುತ್ತಾರೆ. ಆ ದೇಶದಲ್ಲಿ ನೆಟ್ಟು ಬೆಳೆಸಿದ ಕಾಡು 17-18 ಲಕ್ಷ ಹೆಕ್ಟೇರ್ ಇದೆ, ನಮ್ಮ ಕಲಬುರಗಿ ಜಿಲ್ಲೆಯ ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಅದರಲ್ಲಿ ಶೇಕಡಾ 90ರಷ್ಟು ಪಾಲು ಇದೊಂದೇ ಜಾತಿ. ವರ್ಷಕ್ಕೆ ಸುಮಾರು ಮೂರೂವರೆ ಕೋಟಿ ಘನ ಮೀಟರ್ ಕಡಿಯುತ್ತಾರೆ. ಅರ್ಧಕ್ಕಿಂತ ಜಾಸ್ತಿ ದಿಮ್ಮಿಯಾಗಿಯೇ ಹೊರದೇಶಕ್ಕೆ ಹೋಗುತ್ತದೆ. ಹಾಗೆ ಹೋಗುವ ಹತ್ತು ದಿಮ್ಮಿಯಲ್ಲಿ ಸುಮಾರು ಒಂಬತ್ತು ಚೀನಾಕ್ಕೆ. ಮಿಕ್ಕ ಒಂದರಲ್ಲಿ ಕೊರಿಯಾ, ಜಪಾನ್, ಭಾರತ ಎಲ್ಲ. ಆ ಒಂದರ ಚೂರಿನ ಚೂರು ನನ್ನ ಶೆಡ್.

2019ರ ಕಥೆ ಹೇಳಬೇಕು. ಅಂಕಿ ಓದಲು ಶುರು ಮಾಡಿ ಆಗ ಒಂದು ವರ್ಷವೂ ಆಗಿರಲಿಲ್ಲ. ಹೊಸದಾಗಿ ಮೀಸೆ ಬಂದವನ ಹಾಗೆ ನನಗೆ ಎಲ್ಲ ಗೊತ್ತು ಅನ್ನುವ ಹಮ್ಮು. ಕಾರಹುಣ್ಣಿಮೆ ಹೊತ್ತಿಗೆ ಮಾರ್ಚ್ ಕ್ವಾರ್ಟರಿನ ಲೆಕ್ಕ ನೋಡಿದೆ. ಗ್ರಾಫಿನಲ್ಲಿ ಡಿಸೆಂಬರ್ ಕ್ವಾರ್ಟರಿನ ಕಂಬಕ್ಕಿಂತ ಮಾರ್ಚ್ ಕಂಬ ಗಿಡ್ಡ. ಅಂದರೆ ಮರ ಕಡಿಯುವುದು ಕಮ್ಮಿ ಆಗಿದೆ, ಹಡಗು ಕಮ್ಮಿ ಬರುತ್ತವೆ, ರೇಟ್ ಏರುತ್ತದೆ. ಇಷ್ಟು ಸುಲಭದ ಲೆಕ್ಕ ಗಾಂಧಿಧಾಮದ ದಲ್ಲಾಳಿಗಳಿಗೇ ಹೊಳೆದಿಲ್ಲ ಅಂತ ನನಗೆ ಒಳಗೊಳಗೇ ಖುಷಿ. ತಿಂಗಳಿಗೆ ಒಂದು ಲಾರಿ ತರಿಸುವವನು ಒಂದೇ ಸಲಕ್ಕೆ ಮೂರು ಲಾರಿ ತರಿಸಿದೆ. ಒಂದು ಲಾರಿಯ ದುಡ್ಡು ಸಾಲ.

ಶೆಡ್‌ನಲ್ಲಿ ಜಾಗ ಸಾಲಲಿಲ್ಲ. ಹಸಿ ಹಲಗೆಯನ್ನು ಒಂದರ ಮೇಲೊಂದು ಪೇರಿಸುವಾಗ ನಡುವೆ ಬೆರಳು ದಪ್ಪದ ಪಟ್ಟಿ ಇಡಬೇಕು, ಗಾಳಿ ಆಡಬೇಕು. ನಮ್ಮ ಮಿಸ್ತ್ರಿ ಹೇಳಿದರು, "ಸಾಹೇಬ್ರೇ, ಪಟ್ಟಿ ಇಲ್ದೆ ಇಟ್ರ ಬೂಷ್ಟು ಬರ್ತದರಿ." ನಾನು ಕೇಳಲಿಲ್ಲ. ಎರಡು ಲಾರಿ ಮಾಲನ್ನು ಅಂಗಳದಲ್ಲಿ ಒತ್ತಿ ಪೇರಿಸಿ ಮೇಲೆ ತಾಡಪತ್ರಿ ಹೊದಿಸಿದೆ. ಮುಂದಿನ ತಿಂಗಳು ಮಳೆ ಹಿಡಿಯಿತು. ನಮ್ಮ ಕಡೆ ಮಳೆ ಬಾರದಿದ್ದರೆ ಬರುವುದೇ ಇಲ್ಲ. ಬೇಡ ಅಂದಾಗ ನಾಲ್ಕು ದಿನ ಜಡಿ ಹಿಡಿಯುತ್ತದೆ.

ತಾಡಪತ್ರಿ ತೆಗೆದಾಗ ಮೊದಲು ಬಂದದ್ದು ವಾಸನೆ. ಹುಳಿ ಹುಳಿ, ಹಳೆ ಮಜ್ಜಿಗೆಯ ಹಾಗೆ. ಮೇಲಿನ ಹಲಗೆ ಚೆನ್ನಾಗಿಯೇ ಇತ್ತು. ಅದನ್ನು ಎತ್ತಿದರೆ ಕೆಳಗಿನದರ ಮೇಲೆ ಶಾಯಿ ಚೆಲ್ಲಿದ ಹಾಗೆ ನೀಲಿ. ಅಂಚಿನಿಂದ ಒಳಕ್ಕೆ ಗೆರೆ ಗೆರೆಯಾಗಿ ಹರಿದಿತ್ತು, ನಡುವಿನ ತಿರುಳಿಗೆ ಮಾತ್ರ ಹೋಗಿರಲಿಲ್ಲ. ರಂಧಾ ಹೊಡೆದು ನೋಡಿದೆವು. ಒಂದು ಪದರ ಹೋದರೆ ಇನ್ನೊಂದು ಪದರ ನೀಲಿ. ಇದು ಒಂದು ಜಾತಿಯ ಶಿಲೀಂಧ್ರ. ಮರದ ಬಲವನ್ನು ಅಷ್ಟೇನೂ ತಿನ್ನುವುದಿಲ್ಲ, ಮೊಳೆ ಮೊದಲಿನಂತೆಯೇ ಹಿಡಿಯುತ್ತದೆ. ಆದರೆ ಗಿರಾಕಿಗೆ ಅದನ್ನು ಯಾರು ಹೇಳಬೇಕು? ರಫ್ತಿಗೆ ಹೋಗುವ ಪ್ಯಾಲೆಟ್ ಮೇಲೆ ಬಿಸಿ ಉಪಚಾರದ ಸೀಲು ಬೀಳಬೇಕು. ಹಲಗೆಯ ತಿರುಳಿಗೆ 56 ಡಿಗ್ರಿ ಬಿಸಿ, 30 ನಿಮಿಷ. ಆ ಸೀಲು ಇದ್ದರೂ ಒಂದು ಕಂಪನಿಯವರು ನೀಲಿ ನೋಡಿ ಲಾರಿಯನ್ನು ಇಳಿಸದೆ ವಾಪಸ್ ಕಳಿಸಿದರು.

ಅದೇ ಜುಲೈನಲ್ಲಿ ರೇಟ್ ಬಿದ್ದುಹೋಯಿತು. ಯುರೋಪಿನ ಸ್ಪ್ರೂಸ್ ಕಾಡುಗಳಿಗೆ ತೊಗಟೆ ಕೊರೆಯುವ ಹುಳ ಬಿದ್ದಿತ್ತು. ಒಣಗಿದ ಮರವನ್ನೆಲ್ಲ ಅಗ್ಗಕ್ಕೆ ಕಡಿದು ಚೀನಾಕ್ಕೆ ತುಂಬಿಸಿದ್ದರು. ಅಲ್ಲಿಯ ಬಂದರುಗಳಲ್ಲಿ ನ್ಯೂಜಿಲೆಂಡ್ ದಿಮ್ಮಿ ಕೇಳುವವರಿಲ್ಲ. ಗಾಂಧಿಧಾಮದಿಂದ ಫೋನ್ ಬಂತು, "ಸೇಠ್, ಇನ್ನೊಂದು ಗಾಡಿ ಕಳಿಸಲಾ? ಕಮ್ಮಿಗೆ ಕೊಡ್ತೀನಿ." ನಾನು ನೀಲಿ ಹಲಗೆಯ ಮೇಲೆ ಕೂತೇ ಮಾತಾಡಿದೆ.

ಆ ಸಂಜೆ ನೆಹರೂ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ದಲ್ಲಾಳಿಯಾಗಿರುವ ಕಾಕಾ ಹತ್ತಿರ ಹೋಗಿದ್ದೆ. ಸಾಲದ ಮಾತು ಆಡಲು ಹೋದವನು ಮೊಬೈಲ್ ತೆಗೆದು ಆ ಕಂಬಗಳನ್ನೂ ತೋರಿಸಿದೆ. ಕಾಕಾ ಇಂಗ್ಲಿಷ್ ಓದುವುದಿಲ್ಲ. ಕಂಬ ಮಾತ್ರ ನೋಡಿದರು.

"ಇದು ಯಾವ ತಿಂಗಳದ್ದು?"

"ಜನವರಿಯಿಂದ ಮಾರ್ಚ್."

"ಇದರ ಜೋಡಿ ಯಾವುದಕ್ಕ ತೂಗಿದಿ?"

"ಅದರ ಹಿಂದಿನದು. ಅಕ್ಟೋಬರ್‌ನಿಂದ ಡಿಸೆಂಬರ್."

"ಹುಚ್ಚ ಇದ್ದಿಯೇನು ತಮ್ಮಾ? ಪುಷ್ಯದಾಗ ಗಂಜಿಗಿ ಎಷ್ಟು ತೊಗರಿ ಬರ್ತದ, ಶ್ರಾವಣದಾಗ ಎಷ್ಟು ಬರ್ತದ? ಶ್ರಾವಣದಾಗ ಕಮ್ಮಿ ಬಂತಂತ ಯಾವನಾದ್ರೂ ತೊಗರಿ ತೀರ್ತು ಅಂತಾನೇನು? ಹೋದ ವರ್ಷದ ಶ್ರಾವಣ ನೋಡಬೇಕು. ಅವರ ದೇಶದಾಗ ಹಬ್ಬ ಇರಲ್ಲೇನು?"

ಹಬ್ಬ ಇತ್ತು. ಕ್ರಿಸ್‌ಮಸ್. ಅಲ್ಲಿ ಅದು ಬೇಸಿಗೆ. ಮರ ಕಡಿಯುವ ತಂಡಗಳು ಡಿಸೆಂಬರ್ ಕೊನೆಗೆ ಗರಗಸ ಕೆಳಗಿಟ್ಟರೆ ಮತ್ತೆ ಎತ್ತುವುದು ಜನವರಿ ನಡುವಿಗೆ. ಆಮೇಲೆ ಚೀನಾದವರ ಹೊಸ ವರ್ಷ. ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಅಲ್ಲಿಯ ಸಾಮಿಲ್ ಮುಚ್ಚಿ ಕೂಲಿಗಳು ಊರಿಗೆ ಹೋಗುತ್ತಾರೆ, ದಿಮ್ಮಿ ಬಂದರಿನಲ್ಲೇ ಗುಡ್ಡೆ ಬೀಳುತ್ತದೆ. ಹಾಗಾಗಿ ಮಾರ್ಚ್ ಕ್ವಾರ್ಟರ್ ಸಾಮಾನ್ಯವಾಗಿ ಗಿಡ್ಡವೇ. ನನ್ನ ಶೆಡ್‌ನಲ್ಲೂ ಶರಣಬಸವೇಶ್ವರ ಜಾತ್ರೆಯ ವಾರ ಪ್ಯಾಲೆಟ್ ಅರ್ಧಕ್ಕೆ ಇಳಿಯುತ್ತದೆ. ಅದನ್ನು ನೋಡಿ ಯಾರಾದರೂ ನನ್ನ ಕಂಪನಿ ಮುಳುಗಿತು ಅಂದರೆ ನಾನೇ ನಗುತ್ತಿದ್ದೆ. ಪರದೇಶದ ಅಂಕಿ ಅಂದ ಕೂಡಲೇ ಈ ಬುದ್ಧಿ ಎಲ್ಲಿಗೆ ಹೋಗಿತ್ತೋ.

ಅವತ್ತಿನಿಂದ ನೋಟ್‌ಬುಕ್ಕಿನಲ್ಲಿ ಮಾರ್ಚ್ ಕೆಳಗೆ ಮಾರ್ಚ್, ಜೂನ್ ಕೆಳಗೆ ಜೂನ್ ಬರೆಯುತ್ತೇನೆ. ಇದು ಕೂಡ ಒಮ್ಮೆ ಕೈಕೊಟ್ಟಿದೆ. ಕೋವಿಡ್‌ನಿಂದ ದೇಶದ ಮೊದಲ ಸಾವು 2020ರ ಮಾರ್ಚ್ 10ರಂದು, ನಮ್ಮ ಊರಿನವರೊಬ್ಬರದು. ಎರಡು ವಾರ ಕಳೆಯುವಷ್ಟರಲ್ಲಿ ಇಲ್ಲಿ ಲಾಕ್‌ಡೌನ್. ಒಂದೇ ದಿನದ ಅಂತರದಲ್ಲಿ ನ್ಯೂಜಿಲೆಂಡ್‌ನಲ್ಲೂ ಎಲ್ಲ ಬಂದ್. ಅಲ್ಲಿ ಮರ ಕಡಿಯುವುದನ್ನು ಅಗತ್ಯ ಕೆಲಸ ಅಂತ ಎಣಿಸಲಿಲ್ಲ, ಏಪ್ರಿಲ್ ಕೊನೆಯವರೆಗೆ ಕಾಡು ನಿಶ್ಶಬ್ದ. ಆ ಜೂನ್ ಕ್ವಾರ್ಟರ್ ಕುಸಿಯಿತು. ಮುಂದಿನ ವರ್ಷದ ಜೂನನ್ನು ಅದರ ಕೆಳಗೆ ಬರೆದು ನೋಡಿದರೆ ಮರ ಜೋಳದ ಹಾಗೆ ಬೆಳೆದಿದೆಯೇನೋ ಅನ್ನಿಸುವಷ್ಟು ಜಿಗಿತ. ಈ ಸಲ ನಾನು ಎಚ್ಚರ ಇದ್ದೆ. 2019ರ ಜೂನ್ ಜೊತೆ ತೂಗಿದೆ.

ಇನ್ನೊಂದು ವಿಷಯ ತಡವಾಗಿ ತಿಳಿಯಿತು. ಕಾಡಿನಲ್ಲಿ ಕಡಿದ ಮರವನ್ನು ಒಂದೊಂದಾಗಿ ಎಣಿಸಿ ಈ ಲೆಕ್ಕ ಮಾಡುವುದಿಲ್ಲ. ಹಡಗಿಗೆ ಹೋದ ದಿಮ್ಮಿ ಎಷ್ಟು, ಸಾಮಿಲ್‌ನಿಂದ ಬಂದ ಹಲಗೆ ಎಷ್ಟು, ಕಾಗದಕ್ಕೆ ಅರೆದ ಪಲ್ಪ್ ಎಷ್ಟು ಅಂತ ನೋಡಿ ಹಿಮ್ಮುಖವಾಗಿ ಅಂದಾಜು ಹಾಕುತ್ತಾರೆ. ಒಂದು ಘನ ಮೀಟರ್ ಹಲಗೆಗೆ ಹೆಚ್ಚುಕಮ್ಮಿ ಎರಡು ಘನ ಮೀಟರ್ ದಿಮ್ಮಿ. ದಾಲ್ ಮಿಲ್‌ನವರು ಬೇಳೆ ತೂಗಿ ಎಷ್ಟು ತೊಗರಿ ಹೋಗಿರಬೇಕು ಅಂತ ಹೇಳುವ ಹಾಗೆ. ದಿಮ್ಮಿಯ ಅಳತೆಯೂ ಜಪಾನಿನ ಪದ್ಧತಿಯದು. ಸಣ್ಣ ತುದಿಯ ವ್ಯಾಸವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುತ್ತಾರೆ. ಅಪ್ಪನ ಕ್ವಾರ್ಟರ್ ಗರ್ತ್‌ಗೂ ಅದಕ್ಕೂ ತಾಳೆ ಇಲ್ಲ. ಗಾಂಧಿಧಾಮದವನು ಹಲಗೆ ಕೊಡುವುದು ಸಿಎಫ್‌ಟಿಯಲ್ಲಿ, ಅಂದರೆ ಘನ ಅಡಿಯಲ್ಲಿ. ಮೂರನ್ನೂ ಒಂದೇ ಹಾಳೆಯಲ್ಲಿ ಬರೆದು ನಾನು ಒಂದು ಭಾನುವಾರ ಪೂರ್ತಿ ತಲೆ ಕೆಡಿಸಿಕೊಂಡಿದ್ದೇನೆ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಮಾತ್ರ ಒಟ್ಟು ಮೊತ್ತದಲ್ಲಿ ಕಾಣಿಸಲೇ ಇಲ್ಲ. ಭಾರತಕ್ಕೆ ಬರುವ ದಿಮ್ಮಿಗೆ ಮೀಥೈಲ್ ಬ್ರೋಮೈಡ್ ಅನಿಲದ ಹೊಗೆ ಕೊಡಬೇಕು ಅನ್ನುವುದು ಆಗ ನಮ್ಮವರ ನಿಯಮವಾಗಿತ್ತು, ಹುಳ ಬರಬಾರದು ಅಂತ. ಆ ಅನಿಲ ಓಜೋನ್ ಪದರವನ್ನು ಕೆಡಿಸುತ್ತದೆ. 2021ರಲ್ಲಿ ನ್ಯೂಜಿಲೆಂಡ್ ಅದರ ಬಳಕೆಗೆ ಬಿಗಿ ನಿಯಮ ತಂದಿತು, ಹಡಗಿನ ಒಳಗೆ ಅದನ್ನು ಬಿಡುವುದು ನಿಲ್ಲಬೇಕಾಯಿತು. ಇಬ್ಬರದೂ ನ್ಯಾಯವೇ. ನಡುವೆ ಸಿಕ್ಕಿಕೊಂಡದ್ದು ನಮ್ಮಂಥವರು. 2022ರಲ್ಲಿ ಭಾರತದ ಸಾಲು ನೆಲ ಕಚ್ಚಿತು. ಆದರೆ ಪುಟದ ಕೊನೆಯ ಮೊತ್ತ ನೋಡಿದರೆ ಭಾರತ ಅಂತ ಒಂದು ದೇಶ ಕಾಣೆಯಾದದ್ದು ಗೊತ್ತೇ ಆಗುವುದಿಲ್ಲ. ನಮ್ಮ ಪಾಲು ಅಷ್ಟು ಸಣ್ಣದು.

ಆಗ ಉರುಗ್ವೆಯ ಪೈನ್ ಬಂತು. ಭಾರ ಜಾಸ್ತಿ, ಅಂಟು ಜಾಸ್ತಿ. ಗರಗಸದ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಸೀಮೆಎಣ್ಣೆ ಹಚ್ಚಿ ಒರೆಸಬೇಕು. ಮಿಸ್ತ್ರಿ ಒಂದು ವಾರ ಬೈದುಕೊಂಡೇ ಕೆಲಸ ಮಾಡಿದರು. ಈಗ ಅದಕ್ಕೂ ಒಗ್ಗಿಕೊಂಡಿದ್ದಾರೆ. "ಮೊಳಿ ಭಾಳ ಗಟ್ಟಿ ಹಿಡೀತದರಿ" ಅಂತ ಹೊಗಳುತ್ತಾರೆ ಬೇರೆ.

2023ರ ಫೆಬ್ರವರಿಯಲ್ಲಿ ಗೇಬ್ರಿಯೆಲ್ ಚಂಡಮಾರುತ ಅವರ ಪೂರ್ವ ಕರಾವಳಿಗೆ ಬಡಿಯಿತು. ಕಡಿದು ಬಿಟ್ಟ ಕೊಂಬೆ, ತುಂಡು ಎಲ್ಲ ಹೊಳೆಯಲ್ಲಿ ಕೊಚ್ಚಿಬಂದು ಸೇತುವೆಗೆ ಗುದ್ದಿದ, ಗಿಸ್ಬೋರ್ನ್ ಊರಿನ ಸಮುದ್ರ ದಂಡೆ ಪೂರ್ತಿ ಕಟ್ಟಿಗೆಯಿಂದ ಮುಚ್ಚಿದ ಫೋಟೋ ನೋಡಿದೆ. ಭೀಮಾ ನದಿ 2020ರ ಅಕ್ಟೋಬರ್‌ನಲ್ಲಿ ಉಕ್ಕಿದ್ದನ್ನು ಕಂಡವನಿಗೆ ಆ ಫೋಟೋ ಹೊಸದೇನಲ್ಲ. ಆ ವರ್ಷದ ಮಾರ್ಚ್ ಕಂಬದ ಪಕ್ಕ ನಾನು "ಮಳೆ" ಅಂತ ಬರೆದಿಟ್ಟಿದ್ದೇನೆ. ಮುಂದಿನ ವರ್ಷ ತೂಗುವಾಗ ನೆನಪಿರಲಿ ಅಂತ.

ಇನ್ನು ಈ ಮರಗಳ ಹುಟ್ಟಿನ ಲೆಕ್ಕ. 1990ರ ದಶಕದಲ್ಲಿ ಅಲ್ಲಿಯ ಜನ ಮುಗಿಬಿದ್ದು ಪೈನ್ ನೆಟ್ಟರು. 1994 ಒಂದೇ ವರ್ಷ ಹೊಸದಾಗಿ ಸುಮಾರು 98 ಸಾವಿರ ಹೆಕ್ಟೇರ್. ಅದೇ ಈಗ ಕಟಾವಿಗೆ ಬಂದಿರುವುದು. ಚೀನಾದಲ್ಲಿ ಮನೆ ಕಟ್ಟುವುದು ನಿಧಾನವಾಗಿದೆ, ಮರ ಮಾತ್ರ ಬಲಿತು ನಿಂತಿದೆ. ಹೊಲದಲ್ಲಿ ಬಿಟ್ಟರೆ ತೊಗರಿ ಕೆಡುತ್ತದೆ, ಇದು ಕೆಡುವುದಿಲ್ಲ. ರೇಟ್ ಬಿದ್ದರೆ ಮಾಲೀಕ ಇನ್ನೊಂದು ವರ್ಷ ಕಾಯುತ್ತಾನೆ, ಅಷ್ಟರಲ್ಲಿ ಮರ ಇನ್ನೊಂದು ಉಂಗುರ ದಪ್ಪ ಆಗುತ್ತದೆ. ಇದನ್ನು ಕಾಕಾಗೆ ಹೇಳಿದಾಗ ಅವರು ಬಹಳ ಹೊತ್ತು ಸುಮ್ನೆ ಕೂತಿದ್ದರು. "ನಮ್ಮ ತೊಗರಿಗೂ ಹಂಗ ಇದ್ದಿದ್ರ ಆಗ್ತಿತ್ತು" ಅಂದರು.

ಅವರು ಕೂತಿದ್ದ ಬೆಂಚು ನನ್ನ ನೀಲಿ ಹಲಗೆಯದೇ. ಅರ್ಧ ಮಾಲು ಸೆಂಟ್ರಿಂಗ್‌ನವರಿಗೆ ಸಿಕ್ಕಿದ ರೇಟಿಗೆ ಕೊಟ್ಟಿದ್ದೆ. ಉಳಿದದ್ದರಲ್ಲಿ ಮಿಸ್ತ್ರಿ ಕಾಕಾನ ಅಂಗಡಿಗೆ ಎರಡು ಬೆಂಚು ಮಾಡಿಕೊಟ್ಟರು, ಸಾಲದ ಬಡ್ಡಿಯ ಬದಲಿಗೆ. ಮೇಲೆ ಪಾಲಿಶ್ ಹೊಡೆದಿದ್ದಾರೆ, ಗೆರೆಗಳು ಇನ್ನೂ ಎದ್ದು ಕಾಣುತ್ತವೆ. ಇದೇನು ಬಣ್ಣ ಅಂತ ರೈತರು ಕೇಳಿದರೆ ಕಾಕಾ ಸ್ವಲ್ಪವೂ ನಗದೆ "ಫಾರಿನ್ ಡಿಸೈನ್" ಅನ್ನುತ್ತಾರೆ.